ಘಮಘಮಿಸುವ ಚಳಿಗಾಲದ ಎಲೆಬಳೆ

ಚಳಿಗಾಲದಲ್ಲಿ ಬಾಗಿಲಿಗೆ ತೂಗುಹಾಕುವ ಎಲೆಬಳೆ, ಅಂದರೆ ರೀತ್, ಕಣ್ಣಿಗೆ ಚೆಂದವಿದ್ದರೆ ಸಾಲದು. ಬಾಗಿಲು ತೆರೆದವರ ಮೂಗಿಗೂ ಹಿತವಾಗಿರಬೇಕು. ಇದಕ್ಕೆ ಸುಗಂಧದ ಸ್ಪ್ರೇ ಖಂಡಿತ ಬೇಡ. ಅದರ ಘಾಟಿನಲ್ಲಿ ಎಲೆಯ ಸಹಜ ಪರಿಮಳವೇ ಅಡಗಿಹೋಗುತ್ತದೆ. ಕಿತ್ತಳೆ, ಚಕ್ಕೆ, ಲವಂಗ, ರೋಸ್‌ಮೆರಿ, ಜೊತೆಗೆ ಪೈನ್, ದೇವದಾರು ಅಥವಾ ನೀಲಗಿರಿಯ ಹಸಿರು ರೆಂಬೆಗಳಿದ್ದರೆ ಸಾಕು.

ಕಿತ್ತಳೆ ಒಣಗಲು ಹೊತ್ತು ಬೇಕು, ಹಾಗಾಗಿ ಅದರಿಂದಲೇ ಆರಂಭಿಸಿ. ಹಣ್ಣನ್ನು ಅಡ್ಡಲಾಗಿ 5–6 ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ಯಿರಿ. ತೀರಾ ತೆಳುವಾದರೆ ಮುರಿಯುತ್ತವೆ, ದಪ್ಪವಾದರೆ ಒಳಗೆ ಪಸೆ ಉಳಿದು ಬೂಸ್ಟು ಹಿಡಿಯುತ್ತದೆ. ಬೀಜ ತೆಗೆದು, ಬಟ್ಟೆಯಿಂದ ರಸ ಒತ್ತಿ, 100 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ಮೂರು–ನಾಲ್ಕು ಗಂಟೆ ಇಡಿ. ನಡುನಡುವೆ ಮಗುಚಿ. ಅವಸರಪಟ್ಟು ಶಾಖ ಏರಿಸಿದರೆ ಅಂಚು ಕಂದುಗಟ್ಟಿ ಸುಟ್ಟ ವಾಸನೆ ಬರುತ್ತದೆ. ಬೆಳಕಿಗೆ ಹಿಡಿದಾಗ ತಿರುಳು ಬಣ್ಣದ ಗಾಜಿನಂತೆ ಹೊಳೆದು, ಬೆರಳಿಗೆ ಅಂಟದಿದ್ದರೆ ಹದ ಬಂದಿದೆ ಎಂದರ್ಥ. ಪೈನ್ ಕಾಯಿಗಳನ್ನೂ ಅದೇ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ಒಳಗಿನ ಹುಳಗಳು ಸಾಯುತ್ತವೆ, ಮುಚ್ಚಿದ ಪದರಗಳು ಬಿಚ್ಚಿಕೊಳ್ಳುತ್ತವೆ. ಅಂಟು ಒಸರಬಹುದು, ಕೆಳಗೆ ಫಾಯಿಲ್ ಹಾಸಿ. ಓವನ್ ಬಿಟ್ಟು ದೂರ ಹೋಗಬೇಡಿ.

ಲವಂಗಕ್ಕೆ ಸ್ವಲ್ಪ ತಾಳ್ಮೆ ಬೇಕು. ಒಣ ಲವಂಗಕ್ಕೆ ಸೂಜಿ ಚುಚ್ಚಿದರೆ ಸೀಳಿಹೋಗುತ್ತದೆ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೆಳು ತಂತಿಗೆ ಮಣಿಯಂತೆ ಪೋಣಿಸಿ ಒಣಗಿಸಿ.

ಇನ್ನು ಬಳೆ. ಹಸಿಯಾದ ಬಳ್ಳಿಗಳನ್ನು ಸುತ್ತಿ 30 ಸೆಂಟಿಮೀಟರ್ ಅಗಲದ ಚಕ್ರ ಮಾಡಿ, ಇಲ್ಲವೇ ತಂತಿಯ ಚಕ್ರ ಬಳಸಿ. ರೆಂಬೆಗಳ ಬುಡವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಅದ್ದಿಡಿ. ಗೇಣುದ್ದದ ಮೂರು–ನಾಲ್ಕು ಕುಡಿಗಳನ್ನು ಕಟ್ಟಾಗಿ ಹಿಡಿದು ಚಕ್ರದ ಮೇಲಿಟ್ಟು, ತಂತಿಯನ್ನು ಬಿಗಿಯಾಗಿ ಎರಡು ಸುತ್ತು ಸುತ್ತಿ. ತಂತಿ ಕತ್ತರಿಸದೆ, ಮುಂದಿನ ಕಟ್ಟಿನ ಎಲೆಗಳು ಹಿಂದಿನದರ ಬುಡವನ್ನು ಮುಚ್ಚುವಂತೆ ಒಂದೇ ದಿಕ್ಕಿನಲ್ಲಿ ಸಾಗಿ. ಕೊನೆಯ ಕಟ್ಟಿನ ಬುಡ ಮೊದಲ ಕಟ್ಟಿನ ತುದಿಯ ಕೆಳಗೆ ಸೇರಲಿ.

ಅಲಂಕಾರವನ್ನು ಸುತ್ತಲೂ ಸಮನಾಗಿ ಹಂಚಬೇಡಿ. ಕೆಳಗಿನ ಒಂದು ಬದಿಯಲ್ಲಿ ಒತ್ತಾಗಿ ಕೂಡಿಸಿ, ಉಳಿದುದನ್ನು ಹಸಿರಾಗಿಯೇ ಬಿಟ್ಟರೆ ನೋಟಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಚಕ್ಕೆಯನ್ನು ಎರಡು–ಮೂರರಂತೆ ಸೆಣಬಿನ ದಾರದಿಂದ ಕಟ್ಟಿ, ಗಂಟಿನ ಹಿಂದೆ ತಂತಿ ತೂರಿಸಿ ಬಿಗಿಯಿರಿ. ಅಂಟಿಗಿಂತ ತಂತಿಯೇ ಮೇಲು. ಬಿಚ್ಚಿ ಮತ್ತೆ ಬಳಸಬಹುದು.

ಲವಂಗದ ಘಮಕ್ಕೆ ಯೂಜೆನಾಲ್, ಚಕ್ಕೆಯದಕ್ಕೆ ಸಿನ್ನಮಾಲ್ಡಿಹೈಡ್ ಎಂಬ ಎಣ್ಣೆಯಂಶ ಮುಖ್ಯ ಕಾರಣ. ಚಳಿಯಲ್ಲಿ ಇವು ಆವಿಯಾಗುವುದು ನಿಧಾನ, ಹೀಗಾಗಿ ಹೊರಬಾಗಿಲಿನಲ್ಲಿ ಪರಿಮಳ ಮಂಕಾಗುತ್ತದೆ. ಚಕ್ಕೆಯ ಮೈಯನ್ನು ಚಾಕುವಿನ ಅಂಚಿನಿಂದ ತುಸು ಕೆರೆದರೆ, ರೋಸ್‌ಮೆರಿಯನ್ನು ಬೆರಳುಗಳ ನಡುವೆ ಹೊಸಕಿದರೆ ಮತ್ತೆ ಕಳೆಗಟ್ಟುತ್ತದೆ.

ಮಳೆ ತಾಗದ ತಂಪಾದ ಕಡೆ ಬಳೆ ಕೆಲವು ವಾರ ಬಾಳುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಬೇಗ ಒಣಗುತ್ತದೆ. ನೀರು ಚಿಮುಕಿಸುವುದಾದರೆ ಎಲೆಗಳಿಗೆ ಮಾತ್ರ, ಕಿತ್ತಳೆಗೆ ಬೇಡ. ಒಣಗಿದ ಪೈನ್‌ಗೆ ಬೆಂಕಿ ಥಟ್ಟನೆ ಹತ್ತುತ್ತದೆ, ಮೇಣದಬತ್ತಿ ಮತ್ತು ಹೀಟರ್‌ನಿಂದ ದೂರವಿಡಿ. ಎಲೆ ಉದುರತೊಡಗಿದಾಗ ಹಸಿರನ್ನು ಗೊಬ್ಬರದ ಗುಂಡಿಗೆ ಹಾಕಿ; ಚಕ್ರ, ಚಕ್ಕೆ, ಪೈನ್ ಕಾಯಿಗಳನ್ನು ಒಣ ಡಬ್ಬಿಯಲ್ಲಿ ಎತ್ತಿಡಿ.