ಆಪ್ತಸಮಾಲೋಚನೆ ಆರಂಭಿಸುವ ಮುನ್ನ ತಿಳಿದಿರಬೇಕಾದ ವಿಷಯಗಳು

ಆಪ್ತಸಮಾಲೋಚನೆಗೆ ಮೊದಲ ಸಲ ಹೋಗುವವರಲ್ಲಿ ಹೆಚ್ಚಿನವರು ಜ್ವರಕ್ಕೆ ಔಷಧಿ ಕೇಳಲು ಹೋದಂತೆಯೇ ಹೋಗುತ್ತಾರೆ. ತಮ್ಮ ತೊಂದರೆಯನ್ನು ಹೇಳಬೇಕು, ಎದುರಿಗಿರುವವರು ಪರಿಹಾರ ಸೂಚಿಸಬೇಕು, ಅದನ್ನು ಪಾಲಿಸಿದರೆ ಮುಗಿಯಿತು ಎಂಬುದು ಅವರ ನಿರೀಕ್ಷೆಯಾಗಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಮೊದಲ ಎರಡು ಮೂರು ಭೇಟಿಗಳಲ್ಲಿ ಚಿಕಿತ್ಸಕರು ಹೇಳುವುದಕ್ಕಿಂತ ಕೇಳುವುದೇ ಹೆಚ್ಚು ಎಂಬುದು ತಿಳಿಯದಿದ್ದರೆ ನಿರಾಸೆಯಾಗುವುದು ಖಚಿತ. ಮದುವೆ ಮುರಿಯಬೇಕೇ, ಕೆಲಸ ಬಿಡಬೇಕೇ ಎಂದು ತೀರ್ಮಾನಿಸಿಕೊಡುವುದು ಅವರ ಕೆಲಸವಲ್ಲ. ನಿಮ್ಮ ತೀರ್ಮಾನವನ್ನು ನೀವೇ ಸ್ಪಷ್ಟವಾಗಿ ಕಾಣುವ ಸ್ಥಿತಿಗೆ ಬರಲು ನೆರವಾಗುವುದು ಅವರ ಕೆಲಸ. ಆದ್ದರಿಂದ ನೀವು ಕೂಡ ಬಾಯಿಬಿಟ್ಟು ಪ್ರಶ್ನೆ ಕೇಳುವ ಸಿದ್ಧತೆಯಿಂದಲೇ ಹೋಗಬೇಕು. ಚಿಕಿತ್ಸೆ ಫಲಿಸುವುದು ಬಹುಮಟ್ಟಿಗೆ ಇದನ್ನು ಅವಲಂಬಿಸಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಯಾರ ಬಳಿಗೆ ಹೋಗುತ್ತಿದ್ದೇವೆ ಎಂಬುದನ್ನು ತಿಳಿದುಕೊಳ್ಳಬೇಕು. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿ ಪಡೆದವರು, ಔಷಧಿ ಬರೆದುಕೊಡುವವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ನಂತರ ಆಸ್ಪತ್ರೆಯ ತರಬೇತಿಯನ್ನೂ, ಬಹುತೇಕರು ಎರಡು ವರ್ಷಗಳ ಎಂ.ಫಿಲ್. ಅನ್ನೂ ಪಡೆದು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರುತ್ತಾರೆ. ಅವರು ಔಷಧಿ ಬರೆಯುವುದಿಲ್ಲ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಕುಟುಂಬದೊಂದಿಗೆ ಕೆಲಸ ಮಾಡುವುದರಲ್ಲಿ ವಿಶೇಷ ತರಬೇತಿ ಹೊಂದಿದವರು. ಇವರ ನಡುವೆ ‘ಆಪ್ತಸಮಾಲೋಚಕರು’ ಎಂಬ ಫಲಕ ಮಾತ್ರ ಬಹಳ ಸಡಿಲವಾಗಿ ಬಳಕೆಯಾಗುತ್ತಿದೆ. ವರ್ಷಗಟ್ಟಲೆ ಶ್ರದ್ಧೆಯಿಂದ ಕಲಿತವರೂ, ಕೆಲವೇ ವಾರಗಳ ಕೋರ್ಸ್ ಮುಗಿಸಿದವರೂ ಅದೇ ಫಲಕವನ್ನು ಹಾಕಿಕೊಳ್ಳಬಲ್ಲರು. ಹೀಗಾಗಿ ವಿದ್ಯಾರ್ಹತೆ, ತರಬೇತಿ ಪಡೆದ ಸ್ಥಳ, ನೋಂದಣಿ ಸಂಖ್ಯೆ ಇವುಗಳನ್ನು ಸಂಕೋಚವಿಲ್ಲದೆ ಕೇಳಿ. ಕೇಳಿದ್ದಕ್ಕೆ ಸಿಡುಕುವವರ ಬಳಿ ಮನಸ್ಸು ಬಿಚ್ಚುವುದು ಕಷ್ಟ.

ಕೆಲವು ಸಂದರ್ಭಗಳಲ್ಲಿ ಮಾತಿನ ಚಿಕಿತ್ಸೆಗಿಂತ ಮೊದಲು ವೈದ್ಯರನ್ನು ಕಾಣುವುದು ಅಗತ್ಯ. ಯಾರಿಗೂ ಕೇಳಿಸದ ಧ್ವನಿಗಳು ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಆಯಾಸವೇ ಕಾಣದಂತಹ ಉತ್ಸಾಹವಿದ್ದರೆ, ಊಟ ನಿದ್ದೆಗಳು ಪೂರ್ತಿ ಕೆಟ್ಟಿದ್ದರೆ ತಡಮಾಡಬಾರದು. ಪ್ರತಿದಿನ ಹೆಚ್ಚು ಕುಡಿಯುವವರು ಒಮ್ಮೆಗೇ ಕುಡಿತ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿರುವುದರಿಂದ ಅದನ್ನು ವೈದ್ಯರ ನಿಗಾದಲ್ಲಿಯೇ ಮಾಡಬೇಕು. ಥೈರಾಯ್ಡ್ ಏರುಪೇರಿನಂತಹ ದೈಹಿಕ ಕಾರಣಗಳೂ ಖಿನ್ನತೆ ಅಥವಾ ಆತಂಕದ ರೂಪದಲ್ಲಿ ಕಾಣಿಸಿಕೊಳ್ಳುವುದುಂಟು.

ಕರ್ನಾಟಕದಲ್ಲಿ ಇರುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳ ಹೆಸರುಗಳು ಪರಿಚಿತವೇ. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಮನೋವೈದ್ಯಕೀಯ ವಿಭಾಗಗಳಿವೆ, ಮತ್ತು ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ಒದಗಿಸುವ ವ್ಯವಸ್ಥೆ ಇದೆ; ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಬರುತ್ತಾರೆಂದು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಇದು ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಎಲ್ಲಿಗೆ ಹೋಗಬೇಕೆಂದೇ ತೋಚದವರು ಇಲ್ಲಿಂದಲೇ ಆರಂಭಿಸಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮೊದಲು ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ಮನೋವೈದ್ಯರನ್ನು ಕಾಣಬೇಕು; ಮಾತಿನ ಚಿಕಿತ್ಸೆ ಬೇಕೆನಿಸಿದರೆ ಅವರು ಮುಂದಕ್ಕೆ ಕಳುಹಿಸುತ್ತಾರೆ. ಖಾಸಗಿಯವರಲ್ಲಿ ಶುಲ್ಕ ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೆ ಇರುವುದರಿಂದ, ಒಂದು ಭೇಟಿಗೆ ಎಷ್ಟು, ಬರಲಾಗದಿದ್ದರೆ ಎಷ್ಟು ಮುಂಚಿತವಾಗಿ ತಿಳಿಸಬೇಕು, ಕಡಿಮೆ ಆದಾಯದವರಿಗೆ ರಿಯಾಯಿತಿ ಇದೆಯೇ ಎಂದು ಫೋನಿನಲ್ಲಿಯೇ ಕೇಳಿಕೊಳ್ಳಿ.

ಭಾಷೆಯ ವಿಷಯವನ್ನು ಬಹಳ ಮಂದಿ ಹಗುರವಾಗಿ ಪರಿಗಣಿಸುತ್ತಾರೆ, ಅದು ಹಗುರವಾದದ್ದಲ್ಲ. ಬೆಂಗಳೂರಿನ ಖಾಸಗಿ ಚಿಕಿತ್ಸಕರಲ್ಲಿ ಹಲವರು ಇಂಗ್ಲಿಷಿನಲ್ಲಿಯೇ ಮಾತು ಆರಂಭಿಸುತ್ತಾರೆ, ಮತ್ತು ಕಚೇರಿಯಲ್ಲಿ ದಿನವಿಡೀ ಇಂಗ್ಲಿಷ್ ಬಳಸುವವರು ಅದಕ್ಕೆ ಒಪ್ಪಿಯೂ ಬಿಡುತ್ತಾರೆ. ಆದರೆ ಅಪ್ಪ ಬೈದ ಮಾತು, ಅತ್ತೆಮನೆಯಲ್ಲಿ ನುಂಗಿಕೊಂಡ ಅವಮಾನ, ‘ಹೊಟ್ಟೆಯೊಳಗೆ ಏನೋ ಕಿವುಚಿದಂತೆ’ ಎಂಬ ಅನುಭವ ಇವೆಲ್ಲ ಮೈಯೊಳಗೆ ಕನ್ನಡದಲ್ಲಿಯೇ ಉಳಿದಿರುತ್ತವೆ. ಅವನ್ನು ಇಂಗ್ಲಿಷಿನಲ್ಲಿ ಹೇಳುವಾಗ ವಿವರ ಸರಿಯಾಗಿ ಬಂದರೂ ನೋವು ಹಿಂದೆ ಉಳಿದುಬಿಡುತ್ತದೆ. ಕಲಬುರಗಿಯ, ಕರಾವಳಿಯ ಅಥವಾ ಹಾಸನದ ಕಡೆಯ ನಿಮ್ಮ ಮನೆಮಾತಿನಲ್ಲಿಯೇ ಮಾತನಾಡಬಹುದೇ ಎಂದು ಸಮಯ ಗೊತ್ತುಪಡಿಸುವಾಗಲೇ ಕೇಳಿ. ತುಳು, ಕೊಂಕಣಿ, ಉರ್ದು ಮನೆಮಾತಿನವರಿಗೂ ಈ ಮಾತು ಅನ್ವಯಿಸುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಒಂದು ಸಂಗತಿಯನ್ನು ಗಮನಿಸಬೇಕು: ಅಲ್ಲಿ ಚಿಕಿತ್ಸಕರ ಪರವಾನಗಿ ರಾಜ್ಯದಿಂದ ರಾಜ್ಯಕ್ಕೆ ಪ್ರತ್ಯೇಕವಾಗಿರುವುದರಿಂದ, ಕನ್ನಡ ಬಲ್ಲವರು ಸಿಕ್ಕರೂ ನೀವಿರುವ ರಾಜ್ಯದಲ್ಲಿ ಅವರಿಗೆ ಅನುಮತಿ ಇದೆಯೇ ಎಂದು ವಿಚಾರಿಸಬೇಕಾಗುತ್ತದೆ.

ಮೊದಲ ಭೇಟಿಯಲ್ಲಿ ನಿಮ್ಮ ಬಾಲ್ಯ, ಕುಟುಂಬ, ನಿದ್ದೆ, ಕೆಲಸ, ಹಿಂದಿನ ಕಾಯಿಲೆಗಳು, ಕುಡಿತ, ಸಾಯುವ ಆಲೋಚನೆ ಬಂದದ್ದುಂಟೇ ಎಂಬುದರವರೆಗೆ ಅನೇಕ ಪ್ರಶ್ನೆಗಳು ಬರುತ್ತವೆ. ಎಲ್ಲಕ್ಕೂ ಅಂದೇ ಉತ್ತರಿಸಬೇಕಾಗಿಲ್ಲ. ‘ಇದನ್ನು ಈಗ ಹೇಳಲಾರೆ’ ಎನ್ನಬಹುದು. ಸೇವಿಸುತ್ತಿರುವ ಔಷಧಿಗಳ ಚೀಟಿಗಳನ್ನೂ, ಹೇಳಬೇಕೆಂದಿರುವ ಎರಡು ಮೂರು ವಿಷಯಗಳನ್ನು ಬರೆದುಕೊಂಡ ಹಾಳೆಯನ್ನೂ ಒಯ್ದರೆ ಸಾಕು. ನಮ್ಮಲ್ಲಿ ಮನೆಯವರು ಜೊತೆಗೆ ಬರುವುದು ರೂಢಿ. ಬರಲಿ, ಆದರೆ ಸ್ವಲ್ಪ ಹೊತ್ತಾದರೂ ಒಬ್ಬರೇ ಮಾತನಾಡುವ ಅವಕಾಶವನ್ನು ಕೇಳಿ ಪಡೆಯಿರಿ.

ಹೇಳಿದ್ದೆಲ್ಲ ಹೊರಗೆ ಹೋದರೇನು ಗತಿ ಎಂಬ ಭಯವೇ ಎಷ್ಟೋ ಮಂದಿಯನ್ನು ಬಾಗಿಲಲ್ಲೇ ತಡೆಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಗೋಪ್ಯತೆಯನ್ನು ವ್ಯಕ್ತಿಯ ಹಕ್ಕು ಎಂದೇ ಹೇಳುತ್ತದೆ. ಗಂಡನೋ ಅಮ್ಮನೋ ಫೋನ್ ಮಾಡಿ ‘ಒಳಗೆ ಏನು ಹೇಳಿದಳು’ ಎಂದು ಕೇಳಿದರೆ ಚಿಕಿತ್ಸಕರು ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಹೇಳುವಂತಿಲ್ಲ. ಈ ಹಕ್ಕಿಗೆ ಮಿತಿಗಳೂ ಇವೆ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರ ಮೇಲೆ ಹಿಂಸೆಯಾಗುವ ಸಂಭವವಿದ್ದರೆ, ನ್ಯಾಯಾಲಯ ಆದೇಶಿಸಿದರೆ ಅಗತ್ಯವಿರುವಷ್ಟು ಮಾಹಿತಿಯನ್ನು ನೀಡಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಒಳ್ಳೆಯ ಚಿಕಿತ್ಸಕರು ಈ ಮಿತಿಗಳನ್ನು ಮೊದಲ ದಿನವೇ ವಿವರಿಸುತ್ತಾರೆ, ವಿವರಿಸದಿದ್ದರೆ ನೀವೇ ಕೇಳಿ. ಕಂಪನಿಯ ಮೂಲಕ ಸೇವೆ ಪಡೆಯುವವರು ಕಚೇರಿಗೆ ಯಾವ ಮಾಹಿತಿ ತಲುಪುತ್ತದೆ ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಆತ್ಮಹತ್ಯೆಯ ಆಲೋಚನೆಯನ್ನು ಹೇಳಿಕೊಂಡರೆ ಪೊಲೀಸರು ಬರುತ್ತಾರೆ ಎಂಬ ಅಂಜಿಕೆ ಇನ್ನೂ ಹೋಗಿಲ್ಲ. ಆಲೋಚನೆಯನ್ನು ಹೇಳಿಕೊಳ್ಳುವುದು ಎಂದೂ ಅಪರಾಧವಾಗಿರಲಿಲ್ಲ. ಪ್ರಯತ್ನಿಸಿದವರನ್ನು ಸಹ ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕೆಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು ಹೇಳುತ್ತದೆ. ದಯವಿಟ್ಟು ಅದನ್ನು ಮುಚ್ಚಿಡಬೇಡಿ.

ಒಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ ನಡೆಯುತ್ತದೆ. ಮೊದಮೊದಲು ವಾರಕ್ಕೊಮ್ಮೆ ಇರುವುದು ವಾಡಿಕೆ. ಆಲೋಚನೆ ಮತ್ತು ವರ್ತನೆಗಳ ಮೇಲೆ ಕೆಲಸ ಮಾಡುವ ಸಿ.ಬಿ.ಟಿ. ವಿಧಾನದಲ್ಲಿ ಹಲವು ತೊಂದರೆಗಳಿಗೆ 12ರಿಂದ 20 ಭೇಟಿಗಳು ಬೇಕಾಗುತ್ತವೆ, ನಡುವೆ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳಿರುತ್ತವೆ. ಹಳೆಯ ಗಾಯಗಳ ಬಗ್ಗೆ ಮಾತನಾಡಿದ ದಿನ ಮನಸ್ಸು ಇನ್ನಷ್ಟು ಭಾರವಾಗಬಹುದು. ಅದನ್ನು ಮುಂದಿನ ಭೇಟಿಯಲ್ಲಿ ಹಾಗೆಯೇ ತಿಳಿಸಿ. ನಾಲ್ಕೈದು ಭೇಟಿಗಳಾದರೂ ಅರ್ಥ ಮಾಡಿಕೊಂಡಿದ್ದಾರೆ ಎನಿಸದಿದ್ದರೆ ಅದನ್ನೂ ಅವರಿಗೇ ಹೇಳಬಹುದು. ಬಹಳ ಸಲ ಆ ಮಾತಿನಿಂದಲೇ ಚಿಕಿತ್ಸೆ ಸರಿದಾರಿಗೆ ಬರುತ್ತದೆ, ಬಾರದಿದ್ದರೆ ಬೇರೊಬ್ಬರನ್ನು ಸೂಚಿಸುವಂತೆ ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಆದರೆ ಚಿಕಿತ್ಸಕರು ನಿಮ್ಮ ಜಾತಿ, ಧರ್ಮ, ಲೈಂಗಿಕತೆಯನ್ನು ಹೀಗಳೆದರೆ, ಹಣದ ವ್ಯವಹಾರಕ್ಕೆ ಎಳೆದರೆ, ಗುಣವಾಗುವ ಖಾತ್ರಿ ಕೊಟ್ಟರೆ, ಮೈಮುಟ್ಟುವ ಸಲುಗೆ ತೋರಿದರೆ ಅಲ್ಲಿಗೆ ಮತ್ತೆ ಹೋಗಬೇಡಿ. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ಮಾತ್ರ, ಮನಸ್ಸು ಎಷ್ಟೇ ಹಗುರವೆನಿಸಿದರೂ, ಅವರನ್ನು ಕೇಳದೆ ನಿಲ್ಲಿಸಬಾರದು.

ಆನ್‌ಲೈನ್ ಭೇಟಿ ಆರಿಸಿಕೊಂಡವರು ಒಂದು ಗಂಟೆ ಯಾರೂ ಬಾರದ ಸ್ಥಳವನ್ನು ಮೊದಲೇ ಹುಡುಕಿಕೊಳ್ಳಬೇಕು. ಕೂಡುಕುಟುಂಬದ ಮನೆಗಳಲ್ಲಿ ಇದೇ ದೊಡ್ಡ ಸಮಸ್ಯೆ. ಮನೆ ಮಂದಿ ಹೊರಗಿರುವ ವೇಳೆಯನ್ನು ಗೊತ್ತುಪಡಿಸಿಕೊಳ್ಳಿ, ಇಲ್ಲವೇ ಮಾಳಿಗೆಯ ಮೇಲೋ ನಿಲ್ಲಿಸಿದ ಕಾರಿನಲ್ಲೋ ಇಯರ್‌ಫೋನ್ ಹಾಕಿಕೊಂಡು ಕುಳಿತುಕೊಳ್ಳಿ. ಪಕ್ಕದಲ್ಲಿ ಯಾರಾದರೂ ಬಂದರೆ ವಿಷಯ ಬದಲಿಸಲು ಒಂದು ಸಂಕೇತದ ಮಾತನ್ನು ಚಿಕಿತ್ಸಕರೊಂದಿಗೆ ಮೊದಲೇ ನಿಗದಿಪಡಿಸಿಕೊಳ್ಳಬಹುದು.