ಪುಟಕ್ಕೆ ಬೀಗ ಹಾಕಿದ ಮೇಲಿನ ಕೆಲಸ

ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದೆ. ಕನ್ನಡ ವಿಕಿಪೀಡಿಯದ ‘ಇತ್ತೀಚಿನ ಬದಲಾವಣೆಗಳು’ ಪುಟದ ತುಂಬ ಒಂದೇ ಲೇಖನದ ಹೆಸರು. ಪುರಂದರದಾಸರದು. ಪಕ್ಕದಲ್ಲಿ ಹಸಿರಿನಲ್ಲಿ +412, ಅದರ ಮೇಲಿನ ಸಾಲಿನಲ್ಲಿ ಕೆಂಪಿನಲ್ಲಿ −412, ಮತ್ತೆ ಹಸಿರು, ಮತ್ತೆ ಕೆಂಪು. ಅಂಕೆ ಅದೇ, ಚಿಹ್ನೆ ಮಾತ್ರ ಬೇರೆ. ಇಷ್ಟು ಕಂಡರೆ ಸಾಕು, ಒಂದೇ ಪ್ಯಾರಾವನ್ನು ಒಬ್ಬರು ಹಾಕುತ್ತಿದ್ದಾರೆ, ಇನ್ನೊಬ್ಬರು ತೆಗೆಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಪುಷ್ಯ ಬಹುಳ ಅಮಾವಾಸ್ಯೆ ಹತ್ತಿರ ಬಂದಿತ್ತು. ದಾಸರ ಆರಾಧನೆಯ ದಿನಗಳಲ್ಲಿ ಆ ಪುಟಕ್ಕೆ ಜನ ಜಾಸ್ತಿ. ತಕರಾರು ಇದ್ದದ್ದು ಹುಟ್ಟೂರಿನ ಬಗ್ಗೆ. ಪುಣೆ ಹತ್ತಿರದ ಪುರಂದರಗಡ ಎಂದು ಹಿಂದಿನಿಂದ ಹೇಳಿಕೊಂಡು ಬಂದವರು ಒಂದು ಕಡೆ. ತೀರ್ಥಹಳ್ಳಿ ಸೀಮೆಯ ಆರಗ ಎನ್ನುವವರು ಇನ್ನೊಂದು ಕಡೆ. ಮಲೆನಾಡಿನವಳಾದ ನನಗೆ ಒಂದು ಕಡೆ ಮನಸ್ಸು ವಾಲುತ್ತದೆ, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಆ ಪ್ಯಾರಾವನ್ನು ಮುಟ್ಟಬಾರದು ಎಂದು ಮೊದಲು ತೀರ್ಮಾನ ಮಾಡಿಕೊಂಡೆ.

ಕನ್ನಡ ವಿಕಿಪೀಡಿಯದಲ್ಲಿ ನಾನು ನಿರ್ವಾಹಕಿ. ನಿರ್ವಾಹಕರು ಅಂದರೆ ಸಂಪಾದಕರು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಹಾಗಲ್ಲ. ನಾವೂ ಎಲ್ಲರ ಹಾಗೆ ಬಿಡುವಿನಲ್ಲಿ ಬರೆಯುವವರು, ಸಂಬಳ ಇಲ್ಲ. ಸಮುದಾಯ ಒಪ್ಪಿದ ಮೇಲೆ ಮುಖ್ಯವಾಗಿ ಮೂರು ಕೆಲಸ ಹೆಚ್ಚಿಗೆ ಸಿಗುತ್ತವೆ: ಪುಟ ಅಳಿಸುವುದು, ಪುಟಕ್ಕೆ ಸಂರಕ್ಷಣೆ ಹಾಕುವುದು (ಅಂದರೆ ತಿದ್ದಲು ಆಗದ ಹಾಗೆ ಬೀಗ), ಖಾತೆಗೆ ತಡೆ ಹಾಕುವುದು. ಲೇಖನದಲ್ಲಿ ಯಾವ ಮಾತು ಉಳಿಯಬೇಕು ಎನ್ನುವಲ್ಲಿ ನಮ್ಮ ಮಾತಿಗೂ ನಿನ್ನೆ ಖಾತೆ ತೆರೆದವರ ಮಾತಿಗೂ ತೂಕ ಒಂದೇ.

ಆ ರಾತ್ರಿ ಪುಟಕ್ಕೆ ಮೂರು ದಿನದ ಸಂರಕ್ಷಣೆ ಹಾಕಿದೆ. ಆ ಗಳಿಗೆಯಲ್ಲಿ ಪುಟದಲ್ಲಿ ಇದ್ದದ್ದು ಪುರಂದರಗಡ. ವಿಕಿಪೀಡಿಯದಲ್ಲಿ ಪ್ರತಿ ಲೇಖನಕ್ಕೂ, ಪ್ರತಿ ಬಳಕೆದಾರರಿಗೂ ಮಾತಾಡಲು ಒಂದು ಚರ್ಚೆಪುಟ ಇರುತ್ತದೆ. ಹತ್ತು ನಿಮಿಷಕ್ಕೆ ನನ್ನ ಚರ್ಚೆಪುಟದಲ್ಲಿ ಸಂದೇಶ ಬಂತು: ‘ತಪ್ಪು ಮಾಹಿತಿಗೆ ಬೀಗ ಹಾಕಿ ಕಾಪಾಡುತ್ತಿದ್ದೀರಲ್ಲ ಮೇಡಂ, ಇದು ನ್ಯಾಯವೇ?’ ಈ ದೂರು ಬಂದೇ ಬರುತ್ತದೆ. ಬೀಗ ಯಾವಾಗಲೂ ತಪ್ಪು ಆವೃತ್ತಿಯ ಮೇಲೇ ಬೀಳುತ್ತದೆ ಎನ್ನುವುದರ ಬಗ್ಗೆ, ಎಲ್ಲ ಭಾಷೆಯ ವಿಕಿಗಳಿಗೂ ಸೇರಿದ ಮೆಟಾ ವಿಕಿಯಲ್ಲಿ ಒಂದು ಪುಟವೇ ಇದೆ. ಸರಿ ಯಾವುದು ಎಂದು ನೋಡಿ, ಅದನ್ನು ಕೂರಿಸಿ ಆಮೇಲೆ ಬೀಗ ಹಾಕಿದ್ದರೆ ನಾನೂ ಜಗಳಕ್ಕೆ ಇಳಿದ ಹಾಗೆ ಆಗುತ್ತಿತ್ತು. ಇದನ್ನೇ ಅವರಿಗೆ ಬರೆದೆ. ಸಮಾಧಾನ ಆಗಲಿಲ್ಲ, ಆದರೆ ಉತ್ತರ ಕೊಟ್ಟರು. ನನಗೆ ಬೇಕಿದ್ದದ್ದು ಅದೇ.

ಜಗಳದಲ್ಲಿದ್ದ ಇನ್ನೊಬ್ಬರು ಮಾತೇ ಆಡಲಿಲ್ಲ. ಹಿಂದೆ ಆಗಿದ್ದರೆ ಉದ್ಧಟತನ ಅಂದುಕೊಳ್ಳುತ್ತಿದ್ದೆ. ಈಗ ಮೊದಲು ಅವರ ಸಂಪಾದನೆಗಳ, ಅಂದರೆ ಮಾಡಿದ ತಿದ್ದುಪಡಿಗಳ, ಪಟ್ಟಿ ತೆಗೆದು ನೋಡುತ್ತೇನೆ. ಎಲ್ಲದರ ಮುಂದೆಯೂ ‘ಮೊಬೈಲ್ ಸಂಪಾದನೆ’ ಎಂದಿತ್ತು. ಮೊಬೈಲಿನಲ್ಲಿ ಬರೆಯುವ ಹೊಸಬರಿಗೆ ಚರ್ಚೆಪುಟ ಅಂತ ಒಂದು ಇದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಬರೆದದ್ದು ಮಾಯವಾಗುತ್ತಿದೆ, ಯಾಕೆ ಎಂದು ಯಾರೂ ಹೇಳುತ್ತಿಲ್ಲ ಎಂದಷ್ಟೇ ಅವರಿಗೆ ಕಾಣುವುದು. ಪಾಪ, ಮತ್ತೆ ಹಾಕದೆ ಇನ್ನೇನು ಮಾಡುತ್ತಾರೆ? ಬೀಗ ಬಿದ್ದು ಪುಟ ತಿದ್ದಲು ಆಗದೆ ಹೋದಾಗ ಬಹಳ ಜನ ಮೊದಲ ಸಲ ನಿಂತು ನೋಡುತ್ತಾರೆ. ಸಂರಕ್ಷಣೆಯ ಕಾರಣ ಬರೆಯುವ ಜಾಗದಲ್ಲೇ ಚರ್ಚೆಪುಟದ ಕೊಂಡಿ ಹಾಕಿ ‘ನಿಮ್ಮ ಮಾತು ಇಲ್ಲಿ ಬರೆಯಿರಿ, ಕಾಯುತ್ತಿದ್ದೇವೆ’ ಎಂದು ಸೇರಿಸಿದ್ದೆ. ಮಾರನೆಯ ದಿನ ಸಂಜೆ ಅವರು ಅಲ್ಲಿಗೆ ಬಂದರು.

ಅಲ್ಲಿಂದ ಮುಂದೆ ನಾನು ಕೇಳಿದ್ದು ಒಂದೇ ಪ್ರಶ್ನೆ, ಇಬ್ಬರಿಗೂ: ಇದನ್ನು ಎಲ್ಲಿ ಓದಿದಿರಿ? ಪುಸ್ತಕ ಯಾವುದು, ಪುಟ ಎಷ್ಟು? ಯಾವುದು ನಿಜ ಎಂದು ಕೇಳಿದರೆ ಚರ್ಚೆ ಅಭಿಮಾನಕ್ಕೆ ಹೋಗುತ್ತದೆ. ಎಲ್ಲಿ ಓದಿದಿರಿ ಎಂದು ಕೇಳಿದರೆ ಜನ ಎದ್ದು ಕಪಾಟಿನ ಹತ್ತಿರ ಹೋಗುತ್ತಾರೆ. ಕನ್ನಡದಲ್ಲಿ ಇದಕ್ಕೆ ತಾಳ್ಮೆ ಬೇಕು. ನಮ್ಮ ಒಳ್ಳೆಯ ಆಧಾರಗಳಲ್ಲಿ ಎಷ್ಟೋ ಇಂಟರ್‌ನೆಟ್ಟಿನಲ್ಲಿ ಇಲ್ಲ. ಶಾಸನ ಸಂಪುಟಗಳು, ಅಭಿನಂದನ ಗ್ರಂಥಗಳು, ಹಳೆಯ ಪತ್ರಿಕೆಗಳು ಎಲ್ಲ ಮನೆಗಳಲ್ಲಿ, ಗ್ರಂಥಾಲಯಗಳಲ್ಲಿ ಕೂತಿವೆ. ಕೊಂಡಿ ಕೊಡಿ ಎಂದು ಹಟ ಹಿಡಿದರೆ ನಿಜವಾಗಿ ಓದಿಕೊಂಡವರೇ ಬೇಸತ್ತು ಎದ್ದು ಹೋಗುತ್ತಾರೆ. ಪುಸ್ತಕದ ಹೆಸರು, ಪ್ರಕಾಶಕರು, ಪುಟಸಂಖ್ಯೆ ಇಷ್ಟಿದ್ದರೆ ಸಾಕು.

ಒಬ್ಬರು ಮನೆಯಲ್ಲಿದ್ದ ಪುಸ್ತಕದ ವಿವರ ಕೊಟ್ಟರು. ಇನ್ನೊಬ್ಬರು ರಾಜ್ಯ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿಯ ಸುದ್ದಿ ತಂದರು. ದಾಸರ ಹುಟ್ಟೂರು ಆರಗದ ಕಡೆಯೇ ಎಂದು ಆ ಸಮಿತಿ ಹೇಳಿತ್ತು. ಆಗ ವಾಕ್ಯ ತಾನಾಗಿ ಕೂಡಿಬಂತು: ಪುರಂದರಗಡ ಎಂಬುದು ಬಹುಕಾಲದಿಂದ ನಡೆದುಬಂದ ಅಭಿಪ್ರಾಯ, ಆರಗದ ಸೀಮೆ ಎಂಬುದು ಸಮಿತಿಯ ಅಭಿಪ್ರಾಯ. ‘ಎಂದು ಹೇಳಲಾಗುತ್ತದೆ’ ಎನ್ನುವ ಪದವನ್ನು ನಾನು ಆದಷ್ಟು ಬಿಡಿಸುತ್ತೇನೆ. ಯಾರು ಹೇಳಿದರು ಎಂದು ಹೆಸರಿಟ್ಟು ಬರೆದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ವಾಕ್ಯವನ್ನು ಅವರೇ ಬರೆದರು, ನಾನು ಬೀಗ ತೆಗೆದೆ ಅಷ್ಟೆ.

ಎಲ್ಲ ತಕರಾರೂ ಇಷ್ಟು ದೊಡ್ಡದಲ್ಲ. ಲೇಖನದ ಹೆಸರು ಕಂಪ್ಯೂಟರ್ ಇರಬೇಕೋ ಗಣಕಯಂತ್ರವೋ ಎಂಬಂಥದ್ದು ಪುನರ್ನಿರ್ದೇಶನದಲ್ಲಿ ತಣ್ಣಗಾಗುತ್ತದೆ, ಯಾವುದನ್ನು ಹುಡುಕಿದರೂ ಅದೇ ಪುಟ ಸಿಗುತ್ತದೆ. ಮಹಾಪ್ರಾಣ ಬಿಟ್ಟು ಬರೆಯುವ ಹೊಸಬರಹದ ಬಗ್ಗೆ ಮಾತು ಬಂದರೆ ಅರಳಿ ಕಟ್ಟೆಗೆ ಒಯ್ಯಬೇಕು. ಅರಳಿ ಕಟ್ಟೆ ಅಂದರೆ ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟ. ಊರಿನ ಕಟ್ಟೆಯ ಹೆಸರನ್ನೇ ಇಟ್ಟಿರುವುದು ನನಗೆ ತುಂಬ ಇಷ್ಟ.

ಕಷ್ಟ ಇರುವುದು ಜಾತಿ, ಸಮುದಾಯಗಳ ಲೇಖನಗಳಲ್ಲಿ. ತಮ್ಮವರು ಇಂಥ ರಾಜವಂಶದವರು ಎಂದು ಒಬ್ಬರು ಸೇರಿಸುತ್ತಾರೆ, ಇನ್ನೊಬ್ಬರು ಅಳಿಸಿ ಬೈಗುಳ ಬರೆಯುತ್ತಾರೆ. ಬೈಗುಳ ಬಂದ ಕ್ಷಣ ನಾನು ಕಾಯುವುದಿಲ್ಲ, ಖಾತೆಗೆ ತಡೆ ಹಾಕುತ್ತೇನೆ. ಬೈಗುಳ ಇಲ್ಲದೆ ಬರೀ ಹಟ ಇದ್ದರೆ ಆ ಒಂದು ಪುಟಕ್ಕೆ ಮಾತ್ರ ಅನ್ವಯಿಸುವ ತಡೆ ಇದೆ. ಲೇಖನ ಮುಟ್ಟಲು ಆಗುವುದಿಲ್ಲ, ಚರ್ಚೆಪುಟದಲ್ಲಿ ಮಾತಾಡಬಹುದು. ಒಬ್ಬರೇ ಎರಡು ಮೂರು ಖಾತೆ ಮಾಡಿಕೊಂಡು ಬಂದ ಅನುಮಾನ ಇದ್ದರೆ ಅದನ್ನು ತಾಂತ್ರಿಕವಾಗಿ ಪರೀಕ್ಷಿಸುವ ಅಧಿಕಾರ ನಮ್ಮಂಥ ಚಿಕ್ಕ ವಿಕಿಯ ನಿರ್ವಾಹಕರಿಗೆ ಇಲ್ಲ. ಮೆಟಾ ವಿಕಿಯಲ್ಲಿ, ಎಲ್ಲ ವಿಕಿಗಳಲ್ಲೂ ಅಧಿಕಾರ ಇರುವ ಸ್ಟೀವರ್ಡ್‌ಗಳನ್ನು ಕೇಳಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯಲ್ಲಿ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆ ರದ್ದು ಮಾಡಿದರೆ ತಡೆ ಬೀಳಬಹುದು. 2004ರಿಂದ ಅಲ್ಲಿ ಪಂಚಾಯ್ತಿ ಸಮಿತಿಯೂ ಇದೆ. ಅಲ್ಲಿ ಜನ ಬೇಕಾದಷ್ಟಿದ್ದಾರೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇವತ್ತಿಗೂ ದಿನಾ ಬಂದು ಬರೆಯುವವರು ಕಡಿಮೆ. ಲೆಕ್ಕ ಹಿಡಿದು ಇಬ್ಬರನ್ನು ಹೊರಗಿಟ್ಟರೆ ಆ ವಿಷಯ ಗೊತ್ತಿರುವ ಇಬ್ಬರೂ ಹೋದ ಹಾಗೆ.

ನಾನೇ ಒಂದು ಸಲ ಹಾಗೆ ಮಾಡಿದ್ದೇನೆ. ನಿರ್ವಾಹಕಿಯಾದ ಮೊದಲ ವರ್ಷ. ನಮ್ಮ ಕಡೆಯ ಒಂದು ದೇವಸ್ಥಾನದ ಲೇಖನ ನಾನೇ ಬರೆದಿದ್ದೆ. ಒಬ್ಬರು ಬಂದು ಕಟ್ಟಿಸಿದ ಕಾಲವನ್ನು ತಿದ್ದಿದರು. ನಾನು ರದ್ದು ಮಾಡಿದೆ. ಅವರು ಮತ್ತೆ ತಿದ್ದಿದರು. ಎರಡನೇ ಸಲ ರದ್ದು ಮಾಡಿ, ಅದೇ ಸಿಟ್ಟಿನಲ್ಲಿ ಅವರ ಖಾತೆಗೆ ಒಂದು ವಾರ ತಡೆ ಹಾಕಿದೆ. ಬೆಳಗ್ಗೆ ಇನ್ನೊಬ್ಬ ನಿರ್ವಾಹಕರು ಫೋನ್ ಮಾಡಿದರು. ‘ಜಗಳದಲ್ಲಿ ಇದ್ದವರು ನೀವು. ತಡೆ ಹಾಕೋಕೆ ನಮ್ಮಲ್ಲಿ ಯಾರಿಗಾದರೂ ಹೇಳಬೇಕಿತ್ತು ಅಲ್ವಾ?’ ಎಂದರು, ಅಷ್ಟೇ. ತಡೆ ತೆಗೆದು, ಕಾಲ ತಿದ್ದಿದವರ ಚರ್ಚೆಪುಟದಲ್ಲಿ ಕ್ಷಮೆ ಕೇಳಿದೆ. ಆಮೇಲೆ ಶಾಸನ ಸಂಪುಟ ತೆಗೆದು ನೋಡಿದರೆ ಅವರು ಕೊಟ್ಟ ಕಾಲವೇ ಸರಿಯಾಗಿತ್ತು. ಲೇಖನ ತಿದ್ದಿ, ಅವರ ಹೆಸರನ್ನು ಬದಲಾವಣೆಯ ಸಾರಾಂಶದಲ್ಲಿ ಹಾಕಿದೆ. ಆ ಖಾತೆಯಿಂದ ಮತ್ತೆ ಒಂದು ಸಂಪಾದನೆಯೂ ಬಂದಿಲ್ಲ.

ಅಂದಿನಿಂದ, ನಾನು ಒಂದು ಸಾಲು ಬರೆದ ಲೇಖನದಲ್ಲೂ ತಕರಾರು ಬಂದರೆ ಬೇರೆ ನಿರ್ವಾಹಕರಿಗೆ ಬಿಡುತ್ತೇನೆ. ಗೆಳೆಯರು ವಾಟ್ಸ್‌ಆ್ಯಪ್‌ನಲ್ಲಿ ‘ಸ್ವಲ್ಪ ನೋಡಿ’ ಎಂದು ಕೊಂಡಿ ಕಳಿಸಿದರೆ, ಚರ್ಚೆಪುಟದಲ್ಲೇ ಬರೆಯಿರಿ, ಎಲ್ಲರಿಗೂ ಕಾಣಲಿ ಎನ್ನುತ್ತೇನೆ. ಕಮ್ಮಟಗಳಲ್ಲಿ ಒಟ್ಟಿಗೆ ಊಟ ಮಾಡಿದವರಿಗೆ ಹೀಗೆ ಹೇಳುವುದು ಕಷ್ಟವೇ. ಒಂದಿಬ್ಬರು ಇದಕ್ಕೆ ಬೇಸರವನ್ನೂ ಮಾಡಿಕೊಂಡಿದ್ದಾರೆ. ಅವರಲ್ಲಿ ಒಬ್ಬರು ಹೋದ ವಾರ ಚರ್ಚೆಪುಟದಲ್ಲಿ ಉದ್ದಕ್ಕೆ ಬರೆದು, ಕೊನೆಯಲ್ಲಿ ಸಹಿ ಹಾಕುವುದು ಮರೆತಿದ್ದರು. ಸಹಿ ಸೇರಿಸಿ ಬಂದೆ.