ಬಡ್ಡಿ ಏರಿದ ವರ್ಷ ಭತ್ತದ ಚೀಲದ ಲೆಕ್ಕ

ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ರೈಸ್ ಮಿಲ್ ಇದೆ. ಸುಗ್ಗಿಯಲ್ಲಿ ಸಿಸಿ ಸಾಲ (ಬ್ಯಾಂಕ್ ಕೊಟ್ಟ ಮಿತಿಯೊಳಗೆ ಬೇಕಾದಾಗ ತೆಗೆದು, ದುಡ್ಡು ಬಂದಂತೆ ಕಟ್ಟೋ ಸಾಲ) ತೆಗೆದು ಭತ್ತ ತುಂಬಿಸೋದು, ಬೇಸಿಗೆವರೆಗೆ ಗೋದಾಮಿನಲ್ಲಿಟ್ಟು ಧಾರಣೆ ನೋಡಿ ಮಾರೋದು ಅಪ್ಪನ ಕಾಲದ ರೂಢಿ. 2022ರಲ್ಲಿ ಆ ರೂಢಿ ಬಿಟ್ಟೆ.

ಆ ವರ್ಷ ಏಪ್ರಿಲ್‌ನಲ್ಲಿ ಹಣದುಬ್ಬರ ಶೇ 7.79 ಮುಟ್ಟಿತ್ತು. ರಿಸರ್ವ್ ಬ್ಯಾಂಕಿನ ಗುರಿ ಶೇ 4, ಮಿತಿ ಹೆಚ್ಚೆಂದರೆ 6. ಬೆಲೆ ಹಿಡಿಯೋಕೆ ಮೇ 4ರಂದು ರೆಪೊ ದರ, ಅಂದ್ರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ, ಶೇ 4ರಿಂದ 4.40 ಆಯಿತು. ಡಿಸೆಂಬರ್ ಹೊತ್ತಿಗೆ 6.25. ಸಣ್ಣ ಉದ್ಯಮದ ಸಾಲ ರೆಪೊಗೇ ಜೋಡಣೆ ಆಗಿರುತ್ತದಲ್ವಾ, ನನ್ನ ಬಡ್ಡಿಯೂ 9ರಿಂದ 11.25ಕ್ಕೆ ಹೋಯಿತು.

ಕೇಳೋಕೆ ಸಣ್ಣ ಅಂಕಿ. ಒಂದು ಚೀಲ ಹಿಡಿದು ಲೆಕ್ಕ ಹಾಕಿದೆ. 75 ಕೆ.ಜಿ. ಭತ್ತಕ್ಕೆ 1,800 ರೂಪಾಯಿ ಅಂತಿಟ್ಟುಕೊಳ್ಳಿ. ತಿಂಗಳಿಗೆ 13.50 ರೂಪಾಯಿ ಇದ್ದ ಬಡ್ಡಿ 16.90ರ ಹತ್ತಿರ ಬಂತು. ಐದು ತಿಂಗಳು ಇಟ್ಟರೆ ಚೀಲಕ್ಕೆ 17 ರೂಪಾಯಿ ಜಾಸ್ತಿ. ತೌಡು, ನುಚ್ಚು ಮಾರಿ ಪೈಸೆ ಪೈಸೆ ಉಳಿಸೋ ನಮಗೆ ಅದು ದೊಡ್ಡ ಹೊಡೆತ. ಹಾಗಾಗಿ ಅರ್ಧ ಭತ್ತವನ್ನು ಡಿಸೆಂಬರಿನಲ್ಲೇ ಅಕ್ಕಿ ಮಾಡಿ ಕಳಿಸಿದೆ. ಬಂದ ದುಡ್ಡನ್ನು ನೇರ ಸಿಸಿಗೆ ಕಟ್ಟಿದೆ. ಉಳಿದದ್ದನ್ನು 15 ದಿನಕ್ಕೊಂದು ಲೋಡ್ ಹಾಗೆ ಬಿಟ್ಟೆ. ಫೆಬ್ರುವರಿಯಲ್ಲಿ ರೆಪೊ ಇನ್ನೂ ಕಾಲು ಪರ್ಸೆಂಟ್ ಏರಿದಾಗ ನನ್ನ ಗೋದಾಮು ಮುಕ್ಕಾಲು ಖಾಲಿ. ಬಡ್ಡಿ ಏರಿಸಿದರೆ ಬೆಲೆ ಹೇಗೆ ಇಳಿಯುತ್ತೆ ಅಂತ ನನಗೆ ತಿಳಿದದ್ದು ಆವತ್ತು. ಕೂಡಿಟ್ಟ ಮಾಲು ಬೇಗ ಪೇಟೆಗೆ ಬರುತ್ತೆ.

ಸರ್ಕಾರದ ತೆರಿಗೆ ಹಾಗಲ್ಲ, ಒಂದೇ ವಾರದಲ್ಲಿ ಗೊತ್ತಾಗುತ್ತೆ. 2022ರ ಮೇ ತಿಂಗಳಲ್ಲಿ ಕೇಂದ್ರ ಡೀಸೆಲ್ ಮೇಲಿನ ಸುಂಕ ಲೀಟರಿಗೆ 6 ರೂಪಾಯಿ ಇಳಿಸಿದ ವಾರವೇ ಬೆಂಗಳೂರಿನ ಲಾರಿ ಬಾಡಿಗೆ ಮಾತಾಡಿ ಕಡಿಮೆ ಮಾಡಿಸಿಕೊಂಡೆ. ಆದರೆ ಜುಲೈ 18ರಿಂದ, 25 ಕೆ.ಜಿ.ವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ಅಂಗಡಿಯವರೆಲ್ಲ 26 ಕೆ.ಜಿ. ಚೀಲ ಕೇಳಿದರು. ಹಳೇ ಚೀಲದ ಕಟ್ಟುಗಳನ್ನು ಮೂಲೆಗೆ ಸರಿಸಿ ಹೊಸದನ್ನು ಪ್ರಿಂಟ್ ಹಾಕಿಸಿದೆ. ಬೆಲೆ ಏರಿ ಜನ ಒದ್ದಾಡೋ ಹೊತ್ತಲ್ಲಿ ಊಟದ ಅಕ್ಕಿಗೆ ತೆರಿಗೆ ಹಾಕಬಾರದಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನನಗೆ ಇನ್ನೂ ಜಾಸ್ತಿ ನೋವು ಕೊಟ್ಟದ್ದು ರಫ್ತಿನ ವಿಷಯ. 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿ ರಫ್ತು ನಿಂತಿತು. 2023ರ ಜುಲೈ 20ಕ್ಕೆ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯದೂ ನಿಂತಿತು. ಬಡ್ಡಿ ಏರಿದರೆ ಭಾರ ಸಾಲ ಮಾಡಿದ ಎಲ್ಲರ ಮೇಲೂ ಹಂಚಿ ಹೋಗುತ್ತೆ. ರಫ್ತು ನಿಂತರೆ ಹೊರಗೆ ಕೊಳ್ಳೋರು ಇಲ್ಲದೆ ಭತ್ತದ ಧಾರಣೆ ಕುಸಿಯುತ್ತೆ, ಆ ಹೊಡೆತ ಮೊದಲು ಬೀಳೋದು ಬೆಳೆದವನ ಮೇಲೆ.

ಆ ವಾರ ಕಾರಟಗಿ ಕಡೆಯ ರೈತರೊಬ್ಬರು ಬೇಸಿಗೆ ಬೆಳೆ ಮನೆಯಲ್ಲೇ ಇಟ್ಟುಕೊಂಡು ಮಿಲ್ಲಿಗೆ ಬಂದರು. "ಇನ್ನೂ ಇಡ್ಲಾ, ಮಾರ್ಲಾ ಸಾವ್ಕಾರ್ರೆ?" ಅಂದರು. ಬಂಗಾರ ಅಡವಿಟ್ಟು ಸಾಲ ತೆಗೆದಿದ್ದರು. ನನ್ನ ಚೀಲದ ಲೆಕ್ಕದ ಹಾಳೆಯಲ್ಲೇ ಅವರ ಬಡ್ಡಿ ಬರೆದು ತೋರಿಸಿದೆ. "ಕಾಕಾ, ಸಾಲ ತೀರೋವಷ್ಟು ಮಾರಿ. ಉಳಿದದ್ದು ಇಡಿ. ಅದಕ್ಕೆ ಬಡ್ಡಿ ಓಡಲ್ಲ," ಅಂದೆ. ಸಂಜೆ ಟ್ರ್ಯಾಕ್ಟರ್‌ನಲ್ಲಿ 60 ಚೀಲ ತಂದು ಇಳಿಸಿದರು.